ಟೈಪಿಂಗ್ ಮೇಡಂ ಮತ್ತು ಕುಂಕುಮ ಮೆತ್ತಿದ ಪೆನ್ ಡ್ರೈವ್

ದಸರಾ ರಜೆ ಮುಗಿಸಿ ಚಿಕ್ಕಬಳ್ಳಾಪುರದ ನಮ್ಮ ಕಚೇರಿಯ ಬಾಗಿಲು ತೆರೆದರೆ ಮೊದಲು ಮೂಗಿಗೆ ಬರುವುದು ಆಯುಧಪೂಜೆಯ ಬಾಡಿದ ಚೆಂಡುಹೂವಿನ ವಾಸನೆ. ಈ ವರ್ಷವೂ ಬಂತು. ಕಂಪ್ಯೂಟರುಗಳ ಮೇಲಿನ ಕುಂಕುಮ ಒರೆಸುತ್ತಿದ್ದಂತೆ ನಮ್ಮ ಟೈಪಿಂಗ್ ಮೇಡಂ ನೆನಪಾದರು...

ಅವರದು ಶಿಡ್ಲಘಟ್ಟದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಟೈಪ್‌ರೈಟರುಗಳ ಪಕ್ಕದಲ್ಲಿ ಒಂದಷ್ಟು ಹಳೆಯ ಕಂಪ್ಯೂಟರುಗಳನ್ನೂ ಇಟ್ಟಿದ್ದರು. ಜನ ಪೆನ್ ಡ್ರೈವನ್ನು ಕೊರಳಿಗೆ ನೇತುಹಾಕಿಕೊಂಡು ಜಂಬದಿಂದ ತಿರುಗುತ್ತಿದ್ದ ಕಾಲ ಅದು. ನಾನು ದಿಬ್ಬೂರಹಳ್ಳಿಯಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದೆ. ಪಿಯುಸಿ ಮುಗಿದ ಮೇಲೆ ಮನೆಯಿಂದಾಚೆ ನನಗಿದ್ದ ದಾರಿ ಅದೊಂದೇ. ಆ ವರ್ಷ ವೈರಸ್ ಹೊಕ್ಕು ಕಂಪ್ಯೂಟರುಗಳೆಲ್ಲ ಮಲಗಿಬಿಟ್ಟವು. ಅಪ್ಪನಿಗೆ ಅಷ್ಟೇ ಸಾಕಾಯಿತು.

"ಕೆಟ್ಟೋಗಿರೋ ಮಿಷನ್ ಮುಂದೆ ಕೂತು ಏನ್ ಕಲೀತೀಯಮ್ಮ? ಹಬ್ಬ ಆದ್ಮೇಲೆ ಮನೇಲಿರು, ರೇಷ್ಮೆಹುಳ ನೋಡ್ಕೊ" ಎಂದುಬಿಟ್ಟ.

ಮೇಡಂ ಹತ್ತಿರ ಹೇಳಿಕೊಂಡು ಅತ್ತೆ. ಅವರು ತಲೆ ಸವರಿ ಸಮಾಧಾನ ಹೇಳುವ ಪೈಕಿಯವರಲ್ಲ. ಬೆಂಗಳೂರಿಗೆ ಹೋಗಿ ಬಲ್ಲವರಲ್ಲಿ ಕಲಿತು, ಕೆಟ್ಟದ್ದರ ಬದಲಿಗೆ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಪೆನ್ ಡ್ರೈವಿನಲ್ಲಿ ತುಂಬಿಸಿಕೊಂಡು ಬಂದರು. ಆಯುಧಪೂಜೆಗೆ ಅದನ್ನೂ ಟೈಪ್‌ರೈಟರುಗಳ ಸಾಲಿನಲ್ಲಿಟ್ಟರು. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವಂತಿಲ್ಲವಲ್ಲ. "ನಾಳೆ ವಿಜಯದಶಮಿ, ಒಳ್ಳೇ ದಿನ. ನಿಮ್ಮಪ್ಪನ್ನೂ ಕರ್ಕೊಂಡು ಬಾ" ಎಂದರು.

ಅಪ್ಪ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ಮೇಡಂ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಕೈಕಟ್ಟಿ ನಿಂತರು. ಪೆನ್ ಡ್ರೈವ್ ಚುಚ್ಚಿದೆ. ಏನೂ ಆಗಲಿಲ್ಲ. ಕಂಪ್ಯೂಟರು ಪೆನ್ ಡ್ರೈವಿನಿಂದಲೇ ಶುರುವಾಗುವಂತೆ ಮಾಡಲು ಅವರು ಹೇಳಿದ ಸೆಟ್ಟಿಂಗಿಗೆ ಹೋದರೆ, ಅಲ್ಲಿ ಅದರ ಸುಳಿವೇ ಇಲ್ಲ. ಅಪ್ಪ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ನಾನು ಗಡಬಡಿಸಿ ಪೆನ್ ಡ್ರೈವ್ ಕಿತ್ತು ನೋಡಿದೆ. ಅದರ ತಗಡಿನ ಬಾಯೊಳಗೆ ಅರಿಶಿನ ಕುಂಕುಮ ಮೆತ್ತಿಕೊಂಡು ಗಟ್ಟಿಯಾಗಿತ್ತು!

"ಅಯ್ಯೋ ನನ್ ಭಕ್ತಿಗಿಷ್ಟು! ಹೋಗಿ ಹೋಗಿ ಬಾಯಿಗೇ ಇಟ್ಟಿದೀನಲ್ಲೇ" ಎಂದು ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಪ್‌ರೈಟರಿನ ಅಚ್ಚು ಉಜ್ಜುವ ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. ಉಜ್ಜಿ, ಊದಿ, ಮತ್ತೆ ಚುಚ್ಚಿದೆ. ಈ ಸಲ ಪರದೆ ಬೆಳಗಿತು.

ಹಳೆಯದನ್ನೆಲ್ಲ ಅಳಿಸಿಹಾಕಲೇ ಎಂದು ಅದು ಕೇಳಿದಾಗ ಕೀಲಿಮಣೆಯಿಂದ ಕೈ ತೆಗೆದೆ. "ನೀವೇ ಒತ್ತಿ ಮೇಡಂ" ಎಂದೆ.

"ನಾನ್ ಮುಟ್ಟಲ್ಲ ಕಣಮ್ಮ. ಏಮೈತುಂದೋ ಚೂದ್ದಾಂ... ಏನಾಗುತ್ತೋ ನೋಡೇಬಿಡಣ, ಒತ್ತು." ಗಾಬರಿಯಾದರೆ ಅವರ ಬಾಯಿಗೆ ಮನೆಯ ತೆಲುಗೇ ಮೊದಲು ಬರುತ್ತಿತ್ತು.

ಒತ್ತಿದೆ. ಲಿನಕ್ಸ್ ಪೂರ್ತಿ ಕೂತು, ಕನ್ನಡದ ಕೀಲಿಮಣೆಯನ್ನೂ ಸೇರಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪರದೆಯ ಮೇಲೆ ಕನ್ನಡದ ಅಕ್ಷರ ಮೂಡಿದಾಗ ಮೇಡಂ ಅಪ್ಪನ ಕಡೆ ತಿರುಗಿದರು.

"ಯಜಮಾನ್ರೇ, ಇದನ್ನ ಹಾಕಿದ್ದು ನಿಮ್ಮ ಮಗಳು. ಮಿಕ್ಕಿದ್ದಕ್ಕೂ ಅವಳೇ ಹಾಕ್ಬೇಕು, ಕೆಟ್ರೂ ಅವಳೇ ಬರ್ಬೇಕು. ಅವಳನ್ನ ಮನೇಲಿ ಕೂರಿಸ್ಕೊಂಡ್ರೆ ನಾನು ಅಂಗಡಿ ಬಾಗಿಲು ಹಾಕ್ಕೊಳೋದೇ."

ಅಪ್ಪ ಪರದೆಯನ್ನು ನೋಡಿದ, ನನ್ನನ್ನು ನೋಡಿದ. "ನಾಳೆ ಬೆಳಗ್ಗೆ ಬಸ್ಸಿಗೇ ಕಳಿಸ್ತೀನಿ ಬಿಡಿ ಮೇಡಂ" ಎಂದ. ವಾಪಸ್ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮಗಳ ಪ್ರತಾಪವನ್ನು ಹೇಳಿದ್ದೇ ಹೇಳಿದ್ದು. ನನಗೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮೇಡಂ ಎಲ್ಲ ಗೊತ್ತಿದ್ದೂ ಯಾಕೆ ಕೈಕಟ್ಟಿ ನಿಂತಿದ್ದರೆಂದು ಹೊಳೆದದ್ದು ಎಷ್ಟೋ ದಿನಗಳ ಮೇಲೆ...

ಅವರು ಈಗಿಲ್ಲ. ಹೋಗಿ ಕೆಲವು ವರ್ಷಗಳಾದವು. ನಮ್ಮ ಕಚೇರಿಯಲ್ಲಿ ಯಾವ ಕಂಪ್ಯೂಟರ್ ಮುನಿಸಿಕೊಂಡರೂ "ಮೇಡಂನ ಕರೀರಿ" ಎಂದು ಕೂಗುತ್ತಾರೆ. ಕರೆಯುವುದು ನನ್ನನ್ನೇ. ಹೆಮ್ಮೆಯಿಂದಲೇ ಎದ್ದು ಹೋಗುತ್ತೇನೆ. ಆದರೂ ಆ ಕೂಗು ಕಿವಿಗೆ ಬಿದ್ದಾಗ, ಅವರೇ ಬಂದರೇನೋ ಎಂದು ನನ್ನ ಕಣ್ಣು ಇವತ್ತಿಗೂ ಬಾಗಿಲ ಕಡೆ ಹೋಗುತ್ತದೆ.