ಕಂಪ್ಲಿಯ ಹರಿಗೋಲು ಮತ್ತು ಗಡಗಡ ಹುಳು

ಸಾವಿರದ ಒಂಬೈನೂರ ಮೂವತ್ತರ ದಶಕದ ನಡುವಿನ ಮಾತು. ನಾನಾಗ ಹೊಸಪೇಟೆ ತಾಲ್ಲೂಕಿನ ಹೆಲ್ತ್ ಇನ್ಸ್‌ಪೆಕ್ಟರ್. ಕಾಲರಾ ಬಂದರೆ ಜನ ನನ್ನನ್ನೇ ಬೈಯುತ್ತಿದ್ದರು, ಹೋದರೆ ದೇವರಿಗೆ ಕಾಯಿ ಒಡೆಯುತ್ತಿದ್ದರು.

ಆ ಮಳೆಗಾಲ ಕಂಪ್ಲಿಯ ಹೊಳೆದಂಡೆಗೆ ಹೊಸ ಹುಳುವೊಂದು ಬಂತು. ಇಂಗ್ಲಿಷಿನಲ್ಲಿ ಹಾರ್ವೆಸ್ಟ್‌ಮನ್. ಕಾಳಿನಷ್ಟು ಮೈ, ಕೂದಲೆಳೆಯಂಥ ಎಂಟು ಕಾಲು. ಜೇಡವಲ್ಲ, ಬಲೆ ಹೆಣೆಯದು, ವಿಷವೂ ಇಲ್ಲ. ಈ ಜಾತಿ ಸಂಡೂರು ಗುಡ್ಡದ ತಂಪು ಕಣಿವೆಗಳಲ್ಲೇ ಅಪರೂಪ. ಹರಿಗೋಲು ಹೆಣೆಯಲು ತಂದ ಬಿದಿರಿನ ಜೊತೆ ಇಳಿದು ಬಂದಿತ್ತು. ಒಣಗಲು ಬೋರಲು ಹಾಕಿದ ಹರಿಗೋಲಿನ ಕೆಳಗೆ ಗುಂಪುಗಟ್ಟುತ್ತಿತ್ತು. ಮುಟ್ಟಿದರೆ ಇಡೀ ಗುಂಪೇ ನಡುಗುವುದನ್ನು ಕಂಡು ಜನ ಅದಕ್ಕೆ ಗಡಗಡ ಹುಳು ಎಂದು ಹೆಸರಿಟ್ಟರು.

ಅಂಬಿಗ ಹನುಮಪ್ಪನ ಹೊಸ ಹರಿಗೋಲು ಹತ್ತಿದವರ ಕೈಗೆ ಮರುದಿನ ಬೊಬ್ಬೆಗಳು ಎದ್ದವು. ಹುಳುವಿನ ವಿಷವೆಂದು ಗುಲ್ಲೆದ್ದಿತು. ಹೊಳೆ ದಾಟಿಸುವ ಕಡವಿನ ಗುತ್ತಿಗೆದಾರ ವಿರೂಪಣ್ಣ ಆ ಹರಿಗೋಲನ್ನೇ ಸುಡಲು ಜನ ಸೇರಿಸಿದ. ಹನುಮಪ್ಪನಿಗೆ ಅನ್ನ ಕೊಡುತ್ತಿದ್ದದ್ದು ಅದೊಂದೇ. ನಾನು ಹೋಗುವಷ್ಟರಲ್ಲಿ ಸೀಮೆಎಣ್ಣೆ ಡಬ್ಬಿ ಬಂದಾಗಿತ್ತು.

ಒಂದು ಹುಳುವನ್ನು ಹಿಡಿದು ಮುಂಗೈ ಮೇಲೆ ಹರಿಯಬಿಟ್ಟೆ.

“ಸರ್ಕಾರದ ಅನ್ನ ಉಂಡೋರಿಗೆ ಯಾವ ವಿಷಾನೂ ಏರಂಗಿಲ್ಲ ಬಿಡ್ರಿ,” ಎಂದ ವಿರೂಪಣ್ಣ. ಜನ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

ಬೊಬ್ಬೆ ಎದ್ದವರನ್ನು ಕರೆಸಿ ನೋಡಿದೆ. ಎಲ್ಲರಿಗೂ ಅಂಗೈಯಲ್ಲೇ. ಹರಿಗೋಲಿನಲ್ಲಿ ಕೂತವರು ಹಿಡಿಯುವುದು ಅದರ ಅಂಚನ್ನು. ಅಂಚಿಗೆ ಕಪ್ಪಗೆ ಏನೋ ಬಳಿದಿತ್ತು. ಏನೆಂದು ಕೇಳಿದೆ.

ಹನುಮಪ್ಪನ ಹೆಂಡತಿ ಗಂಗಮ್ಮ ಮುಂದೆ ಬಂದು ವಿರೂಪಣ್ಣನತ್ತ ಕೈ ತೋರಿದಳು. “ಕೇರೆಣ್ಣಿ ರೀ. ಹುಳ ಓಡ್ತಾವ ಅಂತ ಈ ಧಣೇರ ಹಚ್ಚಿಸ್ಯಾರ. ಬ್ಯಾಡ ಅಂದ್ರ ಕೇಳ್ಲಿಲ್ಲ.”

ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ಅದು. ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳದೆ ಬಿಡದು.

“ಈಗ ಸುಡಿ,” ಎಂದೆ. “ಇದರ ಹೊಗೆ ತಾಗಿ ಮುಖ ಊದಿಕೊಂಡರೆ ನನ್ನ ಹತ್ತಿರ ಬರಬೇಡಿ.”

ಜನ ಕಾಲಿಗೆ ಬುದ್ಧಿ ಹೇಳಿದರು. ಡಬ್ಬಿ ಹಿಡಿದು ಉಳಿದವನು ವಿರೂಪಣ್ಣನೊಬ್ಬನೇ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. “ಹುಳ ಬರದಿದ್ರ ನಾನ್ಯಾಕ ಎಣ್ಣಿ ಹಚ್ಚಿಸ್ತಿದ್ದೆ?” ಎಂದು ನನ್ನ ಮೇಲೇ ಎಗರಿದ.

“ಹುಳಕ್ಕ ಅಂಜಿ ಮಂದಿ ಕೈ ಸುಟ್ರಿ. ಈಗ ನಮ್ಮ ಹೊಟ್ಟಿ ಸುಡಾಕ ಬಂದ್ರಿ,” ಎಂದು ಗಂಗಮ್ಮ ಡಬ್ಬಿ ಕಸಿದುಕೊಂಡಳು.

ಆಮೇಲೆ ನಿವೃತ್ತನಾಗುವವರೆಗೂ, ಬೇನೆ ಬಿದ್ದ ಊರಿಗೆ ಹೋದಾಗ ಏನು ಕಚ್ಚಿತು ಎಂದು ನಾನು ಮೊದಲು ಕೇಳುತ್ತಿರಲಿಲ್ಲ. ಹೆದರಿಕೊಂಡು ಏನು ಹಚ್ಚಿದಿರಿ ಎಂದು ಕೇಳುತ್ತಿದ್ದೆ.