ಹೆದರಿದ್ದಾನೆ ಎಂದವಳು ನಾನು

ಹಂಝ ಹೆದರಿರಲಿಲ್ಲ. ಅವನು ಹೆದರಿದ್ದಾನೆ ಎಂದು ಹೇಳಿದವಳು ನಾನು. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಆಮೇಲೆ ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಈಗ ಹೇಳುತ್ತಿರುವುದು ಯಾರ ಕನಿಕರಕ್ಕೂ ಅಲ್ಲ. ಪಾಪ ಮುದುಕಿ ಎನ್ನುವವರು ಇಲ್ಲಿಗೇ ಬಿಟ್ಟು ಏಳಬಹುದು.

ನನ್ನ ಹೆಸರು ನಫೀಸಾ. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಕುವೈತಿನ ಸಲ್ವಾದಲ್ಲಿ ಶಿವಸ್ವಾಮಿ ಸಾರ್ ಮನೆಯಲ್ಲಿ ಹದಿನೆಂಟು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ಸಾರ್ ಮೈಸೂರಿನವರು, ಎಣ್ಣೆ ಕಂಪೆನಿಯಲ್ಲಿ ಎಂಜಿನಿಯರು. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಮೆಲ್ಬರ್ನಿನಲ್ಲಿದ್ದರು. ಅಲ್ಲಿಂದ ಎರಡು ವಸ್ತು ತಂದರು — ಮಗ ತೇಜಸ್‌ನನ್ನು, ಮತ್ತು ಆ ಆಟದ ಹುಚ್ಚನ್ನು.

ಆ ಆಟಕ್ಕೂ ಫುಟ್ಬಾಲ್ ಎಂದೇ ಹೆಸರು. ಆದರೆ ಚೆಂಡು ಗುಂಡಗಿಲ್ಲ, ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ. ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು. ದೂರದಿಂದ ಒದ್ದು ಬಂದ ಚೆಂಡನ್ನು ನೆಲ ಮುಟ್ಟುವ ಮುಂಚೆ ಹಿಡಿದರೆ ಅದು ಮಾರ್ಕ್; ಹಿಡಿದವನು ಆಮೇಲೆ ಒದೆಯುವಾಗ ಯಾರೂ ಮೈಮೇಲೆ ಬೀಳುವಂತಿಲ್ಲ. ಆ ಒಂದು ಹಿಡಿತಕ್ಕಾಗಿ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಮಂಡಿಯೂರಿ ಹಾರುತ್ತಾರೆ. ನನ್ನಂಥವಳಿಗೆ ಈ ಆಟ ಏನು ಗೊತ್ತು ಎಂದು ಕೇಳುವವರಿದ್ದಾರೆ. ಹದಿನೆಂಟು ವರ್ಷ ನೋಡಿದ್ದೇನೆ. ನಿಮಗಿಂತ ಚೆನ್ನಾಗಿ ಗೊತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ಅಲ್ಲಿಯ ಪಂದ್ಯ ಇಲ್ಲಿಯ ಟಿವಿಯಲ್ಲಿ ಬರುತ್ತದೆ. ಆರೂವರೆಗೇ ಹಾಲ್ ತುಂಬ ಗಂಡಸರು — ಸಾರ್, ಬ್ಯಾಂಕಿನಲ್ಲಿರುವ ಅವರ ಗೆಳೆಯ ನಂಜುಂಡ ಸಾರ್, ಶಾಲೆಯಲ್ಲಿ ಪಾಠ ಮಾಡುವ ಒಂದಿಬ್ಬರು ಐರ್ಲೆಂಡಿನವರು, ಕೋಚ್ ಬ್ರೆಟ್. ಅವರದೇ ಒಂದು ಕ್ಲಬ್ ಇದೆ. ಚಳಿಗಾಲದಲ್ಲಿ ಇಲ್ಲೇ ಆಡುತ್ತಾರೆ. ವರ್ಷಕ್ಕೊಮ್ಮೆ ದುಬೈಗೆ ಹೋಗಿ ಬೇರೆ ಊರಿನ ತಂಡಗಳ ಮೇಲೆ ಆಡುತ್ತಾರೆ. ಆಟ ಚಳಿಗಾಲದ್ದಾದರೂ ಜಗಳ ವರ್ಷವಿಡೀ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರ ಫಾರ್ಮ್ ಹೋಯಿತು.

"ಅವನ್ನ ಇನ್ನೂ ಎಷ್ಟು ವಾರ ಹೊತ್ಕೊಂಡ್ ತಿರುಗ್ತಾರ್ರೀ? ಓಡೋಕೇ ಆಗಲ್ಲ," ಎನ್ನುವರು ನಂಜುಂಡ ಸಾರ್.

"ಓಡೋದ್ಯಾಕೆ? ಅವನು ನಿಂತಿರೋ ಕಡೆಗೇ ಚೆಂಡು ಬರುತ್ತೆ."

"ಬರುತ್ತೆ ಬರುತ್ತೆ. ನಿಮ್ಮ ಪ್ರಮೋಶನ್ ಬಂದ ಹಾಗೆ."

ಒಂದು ಸಲ ಸಾರ್ ತಮಾಷೆಗೆ ಅಡುಗೆಮನೆಯ ಕಡೆ ತಿರುಗಿ, "ನಫೀಸಮ್ಮ, ನೀವೇ ಹೇಳಿ, ಯಾರನ್ನ ತೆಗೀಬೇಕು?" ಎಂದರು.

"ಆ ಐದನೇ ನಂಬರಿನವನನ್ನು ತೆಗೀರಿ ಸಾರ್. ಒದೀಲಿಕ್ಕೆ ಅವನಿಗೆ ಒಂದೇ ಕಾಲು. ಎಡಕ್ಕೆ ದೂಡಿದ್ರೆ ಖಲಾಸ್."

ಎಲ್ಲರೂ ನಕ್ಕರು. ಮೂರು ವಾರದಲ್ಲಿ ಅವನನ್ನು ತೆಗೆದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನನಗೊಂದು ಸ್ಟೂಲ್ ಬಂತು. ಕೋಚ್ ಬ್ರೆಟ್ ಕೂಡ ತಟ್ಟೆ ಇಡಲು ಬಂದಾಗ ಯಾರು ಹೇಗಾಡಿದರು ಎಂದು ನನ್ನನ್ನು ಕೇಳುತ್ತಿದ್ದ. ನನ್ನ ಮಾತಿಗೆ ಆ ಮನೆಯಲ್ಲಿ ತೂಕವಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ — ತೂಕವಿಲ್ಲದವಳು ಹೇಳಿದ್ದರೆ ಆ ಸುಳ್ಳು ಅಡುಗೆಮನೆಯಲ್ಲೇ ಸಾಯುತ್ತಿತ್ತು.

ಹಂಝ ನಮ್ಮ ಊರಿನವನು, ನನ್ನನ್ನು ಉಮ್ಮ, ತಾಯಿ ಎಂದೇ ಕರೆಯುವವನು. ಅರ್ದಿಯಾದ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಏರಿಸಿ ಇಳಿಸುವ ಕೆಲಸ. ಊರಿನಲ್ಲಿ ವಾಲಿಬಾಲ್ ಆಡಿದ ಮೈ. ಒಂದು ದಿನ ಮೈದಾನದ ಬೇಲಿಯಾಚೆ ನಿಂತು ನೋಡುತ್ತಿದ್ದಾಗ ಚೆಂಡು ಅವನ ಕಡೆ ಹಾರಿತು. ಎಗರಿ ಒಂದೇ ಕೈಯಲ್ಲಿ ಹಿಡಿದ. ಕೋಚ್ ಅಂದೇ ಒಳಗೆ ಕರೆದ. ಒಂದೇ ವರ್ಷದಲ್ಲಿ ಅವನಷ್ಟು ಎತ್ತರ ಹಾರುವವರು ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಕ್ಲಬ್ಬಿನ ಪಂದ್ಯದ ವೀಡಿಯೋ ಟಿವಿಯಲ್ಲಿ ಹಾಕಿದರೆ, ಅವನು ಹಾರಿದಾಗ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದೆ — ಅವನು ಊರಿನವನೆಂದಲ್ಲ. ಅಂಥ ಹಾರಾಟಕ್ಕೆ ಯಾರಾದರೂ ಏಳಬೇಕು.

ತೇಜಸ್ ಆಡುತ್ತಿದ್ದದ್ದೂ ಅದೇ ಜಾಗದಲ್ಲಿ. ಗೋಲ್ ಕಂಬಗಳ ಮುಂದೆ ಎತ್ತರದವನೊಬ್ಬ ನಿಲ್ಲಬೇಕು, ಇಬ್ಬರಿಗೆ ಜಾಗವಿಲ್ಲ. ತೇಜಸ್‌ಗೆ ಎಂಟು ವರ್ಷ ಇದ್ದಾಗ ನಾನು ಆ ಮನೆಗೆ ಬಂದದ್ದು. ಮೇಡಂ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋದರೆ ಅವನಿಗೆ ಉಣ್ಣಿಸಿದವಳು, ಬೈದವಳು, ಜ್ವರಕ್ಕೆ ಹಣೆಯ ಮೇಲೆ ಬಟ್ಟೆ ಇಟ್ಟವಳು ನಾನು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ. ನನ್ನ ಹತ್ತಿರ ಮಾತ್ರ ಕನ್ನಡ. ಹಂಝ ಬಂದ ಮೇಲೆ ಅವನು ಬೆಂಚಿನಲ್ಲಿ ಕೂತ. ಮಗನ ಮಾತು ಬಂದರೆ ಸಾರ್ ತಟ್ಟೆಯ ದೋಸೆ ನೋಡುತ್ತಿದ್ದರು. ಎಲ್ಲರ ಆಯ್ಕೆಯ ಬಗ್ಗೆಯೂ ಕೂಗಾಡುವ ಮನುಷ್ಯ — ಅಲ್ಲಿ ಮಾತ್ರ ಬಾಯಿಲ್ಲ.

ಆರು ವರ್ಷದ ಹಿಂದಿನ ಆ ಚಳಿಗಾಲದಲ್ಲಿ ಹಂಝ ಇದ್ದಕ್ಕಿದ್ದಂತೆ ಹಾರುವುದನ್ನು ನಿಲ್ಲಿಸಿದ. ಚೆಂಡು ಬರುತ್ತದೆ, ಇವನು ನೆಲದಲ್ಲೇ. ಕೈ ಎದೆಯಿಂದ ಮೇಲೆ ಹೋಗುವುದಿಲ್ಲ. ಒಂದು ಪಂದ್ಯ, ಎರಡು, ಮೂರು. ಹಾಲಿನಲ್ಲಿ ಬೇರೆ ಮಾತೇ ಇಲ್ಲ.

"ಬಿದ್ದು ಪೆಟ್ಟಾಗತ್ತೆ ಅನ್ನೋ ಭಯ ಕಣ್ರೀ, ಇನ್ನೇನು? ಒಂದ್ಸಲ ತಲೆಗೆ ಹೊಕ್ಕರೆ ಮುಗೀತು," ಎಂದರು ನಂಜುಂಡ ಸಾರ್.

ಕಾರಣ ನನಗೆ ಗೊತ್ತಿತ್ತು. ಹಿಂದಿನ ಶುಕ್ರವಾರ ಜುಮಾ ನಮಾಝ್ ಮುಗಿಸಿ ಹಂಝ ಊಟಕ್ಕೆ ಬಂದಿದ್ದ. ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ತೆಗೆದುಕೊಡು ಎಂದರೆ ಎಡಗೈ ಎತ್ತಿದ. ಬಲಗೈಗೆ ಏನಾಯಿತು ಎಂದು ಕೇಳಿದೆ. ಬಾಗಿಲ ಕಡೆ ನೋಡಿ ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ: "ಗೋದಾಮಿನಲ್ಲಿ ಮೇಲಿಂದ ಪೆಟ್ಟಿಗೆ ಜಾರಿತು ಉಮ್ಮ. ಹಿಡೀಲಿಕ್ಕೆ ಹೋದೆ. ಭುಜ ಕಳಚಿತು. ಜೊತೆಯವನೊಬ್ಬ ಎಳೆದು ಕೂರಿಸಿದ."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದ್ರೆ ಕಂಪೆನಿಗೆ ಗೊತ್ತಾಗ್ತದೆ. ಕೆಲಸಕ್ಕೆ ಆಗುದಿಲ್ಲ ಅಂತ ಬರ್ದು ಊರಿಗೆ ಕಳಿಸ್ತಾರೆ."

"ಹಾಗಾದ್ರೆ ಆಟ ಬಿಡು ಮಾರಾಯ."

"ಬಿಟ್ರೆ ಯಾಕೆ ಅಂತ ಕೇಳ್ತಾರೆ. ನಮ್ಮ ಮ್ಯಾನೇಜರ್ ಕ್ಲಬ್ಬಿಗೆ ಬರ್ತಾನಲ್ಲ. ಒಂದು ತಿಂಗಳು, ಸರಿ ಆಗ್ತದೆ. ನೀವು ಯಾರಿಗೂ ಹೇಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ದುಬೈಗೆ ಹೋಗುವ ತಂಡವನ್ನು ಆರಿಸಿದ್ದು ಒಂದು ಬುಧವಾರ ಸಂಜೆ, ನಮ್ಮ ಹಾಲಿನಲ್ಲೇ. ನಾನು ಈರುಳ್ಳಿ ಬಜ್ಜಿ ಕರಿಯುತ್ತಿದ್ದೆ. ಕೋಚ್ ಬ್ರೆಟ್ ಒಳಗೆ ಬಂದು ಬಾಗಿಲು ಎಳೆದುಕೊಂಡ. ನನಗೆ ತಿಳಿಯುವ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದ — ನಫೀಸಾ, ನಿನಗೆ ಹಂಝನ ಭಾಷೆ ಗೊತ್ತು. ಅವನಿಗೆ ಪೆಟ್ಟಾಗಿದೆಯೋ, ಇಲ್ಲ ಹೆದರಿದ್ದಾನೋ? ಪೆಟ್ಟಾಗಿದ್ದರೆ ನನಗೆ ಗೊತ್ತಿರುವ ಫಿಸಿಯೋ ಒಬ್ಬಳಿದ್ದಾಳೆ, ನೋಡುತ್ತಾಳೆ. ಯಾರಿಗೂ ತಿಳಿಯದು. ಅವನ ಜಾಗ ನಾನು ಇಟ್ಟಿರುತ್ತೇನೆ.

ನಿಂತು ಯೋಚಿಸಲು ಹೊತ್ತಿತ್ತು. ಬಜ್ಜಿ ತಿರುವುವಷ್ಟು ಹೊತ್ತು — ಅಷ್ಟು ಸಾಕು. ಪೆಟ್ಟಾಗಿದೆ ಎನ್ನಬಹುದಿತ್ತು; ಕೊಟ್ಟ ಮಾತು ಮುರಿಯುತ್ತಿತ್ತು, ಅವನು ಉಳಿಯುತ್ತಿದ್ದ. ಗೊತ್ತಿಲ್ಲ ಎನ್ನಬಹುದಿತ್ತು, ಮಾತೂ ಉಳಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ತೇಜಸ್ ಕಾಣುತ್ತಿದ್ದ. ಫೋನ್ ನೋಡುವವನ ಹಾಗೆ ಕೂತಿದ್ದ, ಆದರೆ ಫೋನಿನ ಬೆಳಕು ಆರಿಹೋಗಿತ್ತು.

"ಹೀ ಸ್ಕೇರ್ಡ್, ಸಾರ್," ಎಂದೆ. "ಹೀ ಟೆಲ್ ಮೀ."

ಹೆದರಿದ್ದಾನೆ. ಅವನೇ ನನಗೆ ಹೇಳಿದ. ಎರಡನೆಯದನ್ನು ಯಾರೂ ಕೇಳಿರಲಿಲ್ಲ — ನಾನೇ ಸೇರಿಸಿದೆ. ಗಟ್ಟಿಯಾಗಲಿ ಎಂದು.

ಕೋಚ್ ತಲೆಯಾಡಿಸಿ ಹೊರಗೆ ಹೋದ. ತೇಜಸ್‌ನ ಹೆಸರು ಕೂಗಿದರು. ದುಬೈನಲ್ಲಿ ಅವನು ಮೂರು ಗೋಲ್ ಹೊಡೆದ, ತಂಡ ಕಪ್ ತಂದಿತು. ಸೆಲೆಕ್ಷನ್ ಅಂದರೆ ಇದು ಎಂದು ಇಡೀ ಹಾಲ್ ಕುಣಿಯಿತು. ಗೆದ್ದ ಮಾತ್ರಕ್ಕೆ ಆಯ್ಕೆ ಸರಿಯಾಗುವುದಿಲ್ಲ. ಕೊನೆಯ ಪಂದ್ಯದ ವೀಡಿಯೋವನ್ನು ನಾನು ನೋಡಿದ್ದೇನೆ. ಎದುರಿನವರಲ್ಲಿ ಎತ್ತರದವನೇ ಇರಲಿಲ್ಲ.

ಕೋಚ್ ಹೇಳಿದನೋ, ಇನ್ಯಾರು ಹೇಳಿದರೋ — ಮಾತು ಮ್ಯಾನೇಜರನ ಬಾಯಿಂದ ಗೋದಾಮಿಗೆ ಹೋಯಿತು. "ಪೆಟ್ಟಿಗೆ ಮೇಲಿದೆ ಹಂಝ ಭಾಯಿ, ನೀನು ಬೇಡ, ಹೆದರ್ಕೊಳ್ತೀಯ," ಎಂದು ಜೊತೆಯವರು ಕೋಳಿಯ ಹಾಗೆ ಕೂಗಿ ಅಣಕಿಸುತ್ತಿದ್ದರಂತೆ. ಯಾವ ಪೆಟ್ಟಿಗೆ ಅವನ ಭುಜ ಕಿತ್ತಿತೋ ಅದರ ಕೆಳಗೇ ನಿಂತು ಅವನು ಅದನ್ನು ಕೇಳಬೇಕಾಯಿತು, ಉತ್ತರ ಕೊಡುವ ಹಾಗಿಲ್ಲ. ಕ್ಲಬ್ ಬಿಟ್ಟ. ಊರಿನ ಹುಡುಗರ ವಾಲಿಬಾಲನ್ನೂ ಬಿಟ್ಟ. ಫಿಸಿಯೋ ನೋಡದ ಆ ಭುಜ ಈಗಲೂ ಒಮ್ಮೊಮ್ಮೆ ಜಾರುತ್ತದೆ. ಮಲಗಿದಲ್ಲೇ.

ಆದರೂ ಪ್ರತಿ ಈದಿಗೆ ಬರುತ್ತಿದ್ದ. ಉಣ್ಣುತ್ತ ಒಂದು ವರ್ಷ ಹೇಳಿದ, "ನೀವೊಬ್ಬರು ನನ್ನ ವಿಷಯ ಯಾರಿಗೂ ಹೇಳ್ಲಿಲ್ಲ ಉಮ್ಮ." ನಾನು — ಇನ್ನೆರಡು ತುಂಡು ಮೀನು ಹಾಕಿದೆ. ಅಷ್ಟೇ ಮಾಡಿದ್ದು.

ಹೋದ ಬೇಸಿಗೆಯ ಒಂದು ಶನಿವಾರ ಟಿವಿಯಲ್ಲಿ ಯಾವನೋ ಚೆಂಡಿಗೆ ಹಾರದೆ ಪಕ್ಕಕ್ಕೆ ಸರಿದ. ನಂಜುಂಡ ಸಾರ್ ಕಾಫಿ ಕುಡಿಯುತ್ತಲೇ, "ನೋಡಿ, ಹಂಝ ಮಾಡ್ದ," ಎಂದರು. ಎಲ್ಲರೂ ನಕ್ಕರು. ಹೊಸದಾಗಿ ಬಂದ ಒಬ್ಬ ಐರ್ಲೆಂಡಿನವನೂ ನಕ್ಕ. ಅವನು ಹಂಝನ ಮುಖ ಕೂಡ ಕಂಡವನಲ್ಲ. ಆ ಹೆಸರು ಆ ಹಾಲಿನಲ್ಲಿ ಹೇಡಿತನಕ್ಕೆ ಒಂದು ಶಬ್ದವಾಗಿಬಿಟ್ಟಿತ್ತು.

ರಿಮೋಟ್ ತೆಗೆದು ಟಿವಿ ಆರಿಸಿದೆ. ಅರ್ಧ ಕನ್ನಡ, ಅರ್ಧ ಹಿಂದಿ, ಇಂಗ್ಲಿಷ್ ಬಂದಷ್ಟು — ಎಲ್ಲವನ್ನೂ ಹೇಳಿದೆ. ಭುಜ, ಪೆಟ್ಟಿಗೆ, ಕೋಚ್ ಕೇಳಿದ್ದು, ನಾನು ಸೇರಿಸಿದ್ದು. ಕೋಚ್ ಬ್ರೆಟ್ ತಟ್ಟೆಯನ್ನು ನೆಲದ ಮೇಲಿಟ್ಟು ಮುಖ ಉಜ್ಜಿಕೊಂಡ.

ಶಿವಸ್ವಾಮಿ ಸಾರ್ ಎದ್ದು ಬಂದರು. "ಹೋಗ್ಲಿ ಬಿಡಿ ನಫೀಸಮ್ಮ. ಅವನ ಗುಟ್ಟು ಕಾಪಾಡೋಕೆ ಹಾಗಂದ್ರಿ. ಅವನ ಕೆಲಸ ಉಳೀತಲ್ಲ."

"ಇಲ್ಲ ಸಾರ್. ಗುಟ್ಟು ಕಾಯ್ಲಿಕ್ಕೆ ಗೊತ್ತಿಲ್ಲ ಅಂದ್ರೆ ಸಾಕಿತ್ತು. ನಾನು ಹೇಳಿದ್ದು ತೇಜಸ್ ಆಡ್ಬೇಕು ಅಂತ."

ತೇಜಸ್ ಈಗ ಇಪ್ಪತ್ತಾರರವನು. "ಸೋ, ನಾನು ಚೆನ್ನಾಗಿ ಆಡ್ತಿದ್ದೆ ಅಂತ ತಗೊಂಡಿದ್ದಲ್ವಾ?" ಎಂದು ಕೇಳಿದ. ಅವನ ಮುಖ ಎಂಟು ವರ್ಷದ ಮುಖವಾಗಿತ್ತು.

"ನೀನು ಚೆನ್ನಾಗಿ ಆಡ್ತೀ. ಅವನಷ್ಟು ಅಲ್ಲ. ಅವತ್ತೂ ಅಲ್ಲ, ಇವತ್ತೂ ಅಲ್ಲ."

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನನ್ನು ಊರಿಗೆ ಕಳಿಸುತ್ತಾರೇನೋ ಎಂದುಕೊಂಡೆ. ಕಳಿಸುವುದಾದರೆ ಕಳಿಸಲಿ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಕಳಿಸಲಿಲ್ಲ. ತೇಜಸ್ ಎರಡು ವಾರ ಹೊರಗೆ ಉಂಡ. ಈಗ ಮನೆಯಲ್ಲಿ ಉಣ್ಣುತ್ತಾನೆ. ನನ್ನ ಹತ್ತಿರವೂ ಇಂಗ್ಲಿಷೇ ಆಡುತ್ತಾನೆ.

ಮುಂದಿನ ಶುಕ್ರವಾರ ಅಬು ಹಲೀಫಾಕ್ಕೆ ಹೋದೆ. ಹಂಝ ಈಗ ಅಲ್ಲಿ ಒಂದು ಅಂಗಡಿಯಲ್ಲಿದ್ದಾನೆ. ಪಕ್ಕದ ಮೆಟ್ಟಿಲ ಮೇಲೆ ಕೂರಿಸಿ ಹೇಳಿದೆ. ಅವನು ಕೇಳಿದ್ದು ಒಂದೇ.

"ನಾನೇ ಹೇಳಿದೆ ಅಂದ್ರಾ?"

"ಹೌದು."

ಎದ್ದು ಅಂಗಡಿಯೊಳಗೆ ಹೋದ. ತಿರುಗಿ ಬರುತ್ತಾನೆಂದು ನಾನು ಕಾಯಲಿಲ್ಲ. ಕಳೆದ ಈದಿಗೆ ಅವನು ಬರಲಿಲ್ಲ.

ಇದನ್ನು ಇಂಗ್ಲಿಷಿಗೆ ತಿರುಗಿಸಿ ಕ್ಲಬ್ಬಿನವರ ಗ್ರೂಪಿಗೂ, ಆ ಗೋದಾಮಿನ ಮ್ಯಾನೇಜರನಿಗೂ ಕಳಿಸಲು ನಂಜುಂಡ ಸಾರ್‌ಗೆ ಹೇಳಿದ್ದೇನೆ. ಹಂಝ ಆ ಕಂಪೆನಿಯಲ್ಲಿಲ್ಲ, ಇಲ್ಲಿರಲು ಬೇಕಾದ ಅವನ ಇಕಾಮಾ ಪರವಾನಗಿ ಈಗ ಬೇರೆಯವರ ಕೈಯಲ್ಲಿದೆ. ಇದರಿಂದ ಅವನಿಗೆ ತೊಂದರೆ ಇಲ್ಲ ಎಂದು ಕೇಳಿ ತಿಳಿದುಕೊಂಡೇ ಹೇಳಿದ್ದು. "ಅವನೇ ಹೇಳಿದ ಅಂದೆ ಅನ್ನೋದೊಂದು ಬಿಟ್ಬಿಡೋಣ್ವಾ ನಫೀಸಮ್ಮ? ತೀರಾ ಕೆಟ್ಟದಾಗಿ ಕಾಣುತ್ತೆ," ಎಂದರು ನಂಜುಂಡ ಸಾರ್. ಕಾಣಲಿ ಎಂದೆ. ಆ ಹಾಲಿನಲ್ಲಿ ಅವನ ಹೆಸರನ್ನು ಆ ಅರ್ಥದಲ್ಲಿ ಇನ್ನೊಮ್ಮೆ ಯಾರು ಎತ್ತಿದರೂ ಆಟ ಎಷ್ಟೇ ಜೋರಿರಲಿ, ಟಿವಿ ಆರುತ್ತದೆ. ಅದನ್ನೂ ಹೇಳಿದ್ದೇನೆ.

ಹಂಝನ ಹತ್ತಿರ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಕೊಟ್ಟುಬಿಡುತ್ತಾನೆ — ವಯಸ್ಸಾದವಳು, ಊರಿನವಳು, ಉಣ್ಣಲು ಹಾಕಿದವಳು ಎಂದು. ಆರು ವರ್ಷ ಅವನು ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯದೆ ಬದುಕಿದ. ಈಗ ತಿಳಿದಿದೆ. ಆ ಸಿಟ್ಟು ಅವನದು, ಅವನ ಹತ್ತಿರವೇ ಇರಲಿ.