ಗಾಜಿಗೆ ತಾಗದ ಕಲ್ಲು

ಕಲ್ಲು ಮೀನಿನ ತೊಟ್ಟಿಯ ತಳದ ಗಾಜಿಗೆ ತಾಗುವವರೆಗೆ ಒತ್ತು ಎಂದು ತಮ್ಮ ಹೇಳಿದ್ದ. ನಾನು ಒತ್ತಲಿಲ್ಲ. ತಾಗಿತೇನು ಎಂದು ಕೇಳಿದಾಗ ತಾಗಿತು ಎಂದೆ. ಅದರ ದೂರು ಅವನ ಹೆಂಡತಿಯ ಮೇಲೆ ಬಂದಾಗಲೂ ಬಾಯಿ ಬಿಡಲಿಲ್ಲ.

ಆಗ ಕೊಂಡಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಕಂಪ್ಯೂಟರ್ ಆಫೀಸುಗಳು, ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ತಮ್ಮ ಅಂಥದೊಂದು ಆಫೀಸಿನಲ್ಲಿದ್ದ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ನೆಲಕ್ಕೆ ಕಲ್ಲು ಹಾಸುವುದು ನನ್ನ ಕಸುಬು. ಹತ್ತಿರದ ಕಟ್ಟಡವೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಅವನ ಮನೆಯಲ್ಲೇ ಇದ್ದೆ.

ಅವನಿಗೆ ಸಮುದ್ರದ ಮೀನು ಸಾಕುವ ಹುಚ್ಚು. ನಡುಮನೆಯಲ್ಲಿ ಉದ್ದನೆಯ ಗಾಜಿನ ತೊಟ್ಟಿ, ಅಳೆದು ಉಪ್ಪು ಬೆರೆಸಿದ ನೀರು, ತಳದಲ್ಲಿ ಬಿಳಿ ಮರಳು, ಅದರೊಳಗೆ ಸಮುದ್ರದಿಂದ ಬಂದ ತೂತುತೂತಿನ ಕಲ್ಲುಗಳು. ಲೈವ್ ರಾಕ್ ಅನ್ನುತ್ತಿದ್ದ. ಜೀವ ಇರುವ ಕಲ್ಲು. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳಿದ್ದು ನೀರಿನ ಹೊಲಸು ತಿನ್ನುತ್ತವಂತೆ. ಒಂದು ಕಲ್ಲಿನ ಮೇಲೆ ಹವಳ ಹೂವಿನ ಹಾಗೆ ಅರಳಿತ್ತು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು ಅದರ ಪಕ್ಕ ಬಿಟ್ಟು ಹೋಗುತ್ತಿರಲಿಲ್ಲ. ಅವನ ಹೆಂಡತಿ ಕೆಲಸ ಮುಗಿಸಿ ಆ ಜೋಡಿಯ ಮುಂದೆ ಕೂತು ತವರಿನ ಸುದ್ದಿ ಹೇಳುತ್ತಿದ್ದಳು.

ಕಲ್ಲುಗಳ ಹಿಂದೆ ನೀರು ಹರಿಯದೆ ಹೊಲಸು ಸೇರುತ್ತದೆಂದು ಒಂದು ರವಿವಾರ ತಮ್ಮ ಅವನ್ನು ಬೇರೆ ರೀತಿ ಜೋಡಿಸಲು ನಿಂತ. ನನ್ನ ತೋಳು ಉದ್ದ. ತಳದ ದೊಡ್ಡ ಕಲ್ಲು ನನ್ನ ಪಾಲಿಗೆ ಬಂತು.

"ಉಸುಕಿನ ಮ್ಯಾಲ ಇಡಬ್ಯಾಡಣ್ಣ. ಉಸುಕು ಸರಿಸಿ ಗಾಜಿಗೆ ಕೂಡಸು. ಮೊನ್ನೆ ತಂದ ಈ ಹೊಸಾ ಮೀನು ಹೆಗ್ಗಣ ಇದ್ದಂಗ, ತಳಾ ತೋಡತೈತಿ, ಉಸುಕಿನ ಮ್ಯಾಲಿನ ಕಲ್ಲು ಕುಸೀತೈತಿ."

"ಗಾಜಿನ ಮ್ಯಾಲ ಕಲ್ಲು? ಸೀಳಿ ಹೋದೀತೋ."

"ಹೋಗಂಗಿಲ್ಲ. ಹೇಳಿದಷ್ಟ ಮಾಡು."

"ಮೀಸಿ ಬರೂಕಿಂತ ಮೊದಲಿಂದ ಕಲ್ಲು ಕೂಡಸಾಕತ್ತೀನಿ. ನನಗ ಕಲಸ್ತಿಯೇನೋ?"

"ಹೌದಪಾ ಮೇಸ್ತ್ರಿ. ಆದ್ರ ಇದು ಮೀನಿನ ಮನಿ, ನೀ ನೆಲಕ್ಕ ಹಾಸೂ ಫರ್ಸಿ ಅಲ್ಲ."

ಅಡಿಗೆಮನೆಯಲ್ಲಿ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ಚುಚ್ಚಿತು. ನಮ್ಮ ಕೆಲಸದಲ್ಲಿ ಕಲ್ಲಿಗೆ ಮರಳೇ ಹಾಸಿಗೆ. ಹಾಸಿಗೆ ಇಲ್ಲದ ಕಲ್ಲು ಬಿರಿಯುತ್ತದೆ. ತೋಳು ಮುಳುಗಿಸಿ, ಮರಳನ್ನು ಅಂಗೈಯಿಂದ ಸಮ ಮಾಡಿ, ಅದರ ಮೇಲೆ ಕಲ್ಲಿಟ್ಟು ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿ ಕೂತಿತ್ತು.

"ತಾಗೇತೇನು?"

"ತಾಗೇತಿ."

ಅದನ್ನೇ ನಂಬಿ ಅವನು ಉಳಿದ ಕಲ್ಲುಗಳನ್ನು ಪೇರಿಸಿದ. ಹವಳದ ಕಲ್ಲು ತುದಿಗೆ ಬಂತು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ತಮ್ಮ ಬೇಗಂ ಬಜಾರಿಗೆ ಹೋಗಿದ್ದ. ಅವಳು ನಡುಮನೆಯಲ್ಲಿ ಕಸ ಹೊಡೆಯುತ್ತಿದ್ದಳು, ನಾನು ಬಾಲ್ಕನಿಯಲ್ಲಿದ್ದೆ. ಧಡ್ ಎಂದು ಸದ್ದಾಯಿತು. ಒಳಗೆ ಬಂದರೆ ಕಲ್ಲುಗಳು ಕುಸಿದು ನೀರೆಲ್ಲ ಕದಡಿತ್ತು. ತಿಳಿಯಾದ ಮೇಲೆ ನೋಡಿದೆವು: ಹವಳ ಮುರಿದಿತ್ತು, ಜೋಡಿಯಲ್ಲೊಂದು ಮೀನು ಕಲ್ಲಿನಡಿ ಸಿಕ್ಕು ಸತ್ತಿತ್ತು. ತಳದ ಕಲ್ಲಿದ್ದ ಜಾಗದಲ್ಲಿ ಗುಂಡಿ. ತೋಡುವ ಮೀನು ಅದರ ಬಾಯಲ್ಲಿ ನಿಂತು ಇನ್ನೂ ಮರಳು ಉಗುಳುತ್ತಿತ್ತು.

ತಮ್ಮ ಬಂದವನೇ ಹೆಂಡತಿಗೆ, "ಕಸಬರಿಗಿ ಬಡದಿ ಅಲ್ಲಾ?" ಎಂದ.

"ನಾ ಅದರ ಹತ್ರ ಹೋಗೇ ಇಲ್ರಿ."

"ಮತ್ತ ಕಲ್ಲಿಗೆ ಕಾಲು ಬಂದ್ವೇನು? ಗಾಜಿಗೆ ಕುಂತ ಕಲ್ಲು ಹ್ಯಾಂಗ ಬೀಳತೈತಿ?"

ಅವಳು ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುವವನ ಹಾಗೆ ಬಾಗಿಲಿಗೆ ಹೋದೆ.

ಅಂದಿನಿಂದ ಅವಳು ತೊಟ್ಟಿಯಿಂದ ಒಂದು ಮೊಳ ದೂರ ಬಿಟ್ಟೇ ಕಸ ಹೊಡೆದಳು. ಅದರ ಮುಂದೆ ಧೂಳಿನ ಪಟ್ಟಿಯೊಂದು ಉಳಿಯತೊಡಗಿತು. ಒಂಟಿ ಮೀನಿನ ಜೊತೆ ಮಾತೂ ನಿಂತಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟಿವಿ ಮುಂದೆ ಕೂತರೆ ಆ ಧೂಳು ಕಾಣುತ್ತಿತ್ತು. ಬಾಲ್ಕನಿಗೆ ಹೋಗುತ್ತಿದ್ದೆ, ಮತ್ತೆ ಒಳಗೆ ಬರುತ್ತಿದ್ದೆ. ಕೆಲಸದಲ್ಲಿ ಹಾಸಿ ಮುಗಿಸಿದ ಕಲ್ಲನ್ನೇ ಎತ್ತಿ ಅಡಿ ನೋಡುತ್ತಿದ್ದೆ. ಹೇಳಿಬಿಡೋಣವೆಂದು ತಮ್ಮನ ಹತ್ತಿರ ಹೋಗಿ, ಸುಲ್ತಾನ್ ಬಜಾರಿಗೆ ಹೊಂಟೀನಿ, ಏನರೆ ತರಬೇಕೇನು ಎಂದು ಕೇಳಿ ಬಂದದ್ದೂ ಉಂಟು. ಇನ್ನು ಅವಳಿಗೆ ಹೇಳುವುದು ಹೇಗೆ? ನಮ್ಮಲ್ಲಿ ಭಾವನಾದವನು ತಮ್ಮನ ಹೆಂಡತಿಯೊಡನೆ ಎದುರಿಗೆ ನಿಂತು ಮಾತಾಡುವುದಿಲ್ಲ. ಚಹಾ ಬೇಕಾದರೂ ತಮ್ಮನಿಗೇ ಹೇಳಬೇಕು. ಆ ರೂಢಿಯ ಹಿಂದೆ ಅಡಗಿಕೊಂಡೆ.

ಮತ್ತೊಂದು ರವಿವಾರ ತಮ್ಮ ಕಲ್ಲುಗಳನ್ನು ಪುನಃ ಜೋಡಿಸಲು ನಿಂತ. ಅವಳು ಟವೆಲ್ ಹಿಡಿದು ಬಂದಳು.

"ನೀ ದೂರ ನಿಲ್ಲು. ಉಳದದ್ದೂ ಸಾಯೋದು ಬ್ಯಾಡ," ಎಂದ ತಮ್ಮ.

ಟವೆಲ್ ಕುರ್ಚಿಯ ಮೇಲಿಟ್ಟು ಗೋಡೆಗೆ ಸರಿದಳು. ನಾನು ತೋಳು ಮುಳುಗಿಸಿ ಮರಳು ಸರಿಸಿದೆ, ಕಲ್ಲು ಒತ್ತಿದೆ. ಅದು ಗಾಜಿಗೆ ತಾಗಿದ್ದು ಮಣಿಕಟ್ಟಿನ ಎಲುಬಿಗೆ ತಿಳಿಯಿತು.

"ತಾಗೇತೇನಣ್ಣಾ?"

"ಈಗ ತಾಗೇತಿ. ಹ್ವಾದ ಸಲ ತಾಗಿರಲಿಲ್ಲ. ಉಸುಕಿನ ಮ್ಯಾಲ ಇಟ್ಟು ನಿನಗ ಸುಳ್ಳು ಹೇಳಿದೆ."

ಅವನ ಕೈ ನಿಂತಿತು. ನನ್ನ ತೋಳು ಇನ್ನೂ ನೀರಿನಲ್ಲೇ ಇತ್ತು. ಹಾಗೆಯೇ ಗೋಡೆಯ ಕಡೆ ತಿರುಗಿ, ಮೊದಲ ಸಲ ಅವಳ ಮುಖ ನೋಡಿ ಹೇಳಿದೆ:

"ತಂಗೀ, ನಿನ್ನ ಕಸಬರಿಗಿ ಬಡದಿದ್ದಿಲ್ಲ. ಅಂವ ನಿನ್ನ ಬೈಯಾಕತ್ತಾಗ ನಾ ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ನಂದು. ನನ್ನ ಕ್ಷಮಾ ಮಾಡವಾ."